ಏಳನೆಯ ಸುಳ್ಳು

ಜೂನ್ ೧, ಗುರುವಾರ

ಇವತ್ತಿನಿಂದ ಬರೆದಿಡುತ್ತೇನೆ. ಯಾರಿಗೂ ತೋರಿಸಲಿಕ್ಕಲ್ಲ. ಈ ಮನೆಯಲ್ಲಿ ನಡೆದದ್ದು ನಡೆದ ಹಾಗೆ ಒಂದು ಕಡೆಯಾದರೂ ಇರಲಿ ಎಂದು. ನನ್ನ ಗಂಡ ಹೇಳುವುದನ್ನೇ ಕೇಳುತ್ತ ಕೂತರೆ, ಯಾವುದು ನಡೆದದ್ದು, ಯಾವುದು ಅವನ ತಲೆಯೊಳಗಿನದು ಎಂಬುದು ಇನ್ನೆರಡು ತಿಂಗಳಲ್ಲಿ ನನಗೂ ತಿಳಿಯದ ಹಾಗಾದೀತು.

ಶಾಲೆ ಮುಗಿಸಿ ಬರುವಾಗ ಹನ್ನೊಂದೂವರೆ. ಲಿದಿಯೊ ಅಂಗಳದ ಕುರ್ಚಿಯಲ್ಲಿ ಕೂತು ಅಂಗೈ ಉಜ್ಜಿಕೊಳ್ಳುತ್ತಿದ್ದ.

"ಬೆಳಿಗ್ಗೆ ಎರಡು ಸಲ ನದಿ ದಾಟಿಸಿದೆ. ಆಚೆ ದಡದಲ್ಲಿ ಲಾರಿಗಳ ಸಾಲೇ ಸಾಲು. ಕೈ ಬಿದ್ದುಹೋಯ್ತು."

ಮಾರ್ಚ್ ಹನ್ನೆರಡರಿಂದ ಅವನು ಲಾಂಚಿನ ಮೇಲೆ ಕಾಲಿಟ್ಟಿಲ್ಲ.

"ನೀನು ಎಲ್ಲಿಗೂ ಹೋಗಿಲ್ಲ. ಇಲ್ಲೇ ಕೂತಿದ್ದೆ," ಎಂದೆ.

"ಹೋಗಿದ್ದೆ ಕಣೇ."

"ಚಪ್ಪಲಿ ನೋಡು. ಕೆಸರಿದೆಯಾ?"

ಚಪ್ಪಲಿ ನೋಡಿದ. ನನ್ನ ಮುಖ ನೋಡಿದ. "ತೊಳೆದೆ," ಎಂದ.

ಕಣ್ಣು ಕೂಡ ಮಿಟುಕಿಸಲಿಲ್ಲ. ಇಪ್ಪತ್ತೇಳು ವರ್ಷ ಸಂಸಾರ ಮಾಡಿದ್ದೇನೆ, ನನ್ನೊಡನೆ ಸುಳ್ಳು ಹೇಳಲು ಹೋದರೆ ಇವನ ಕಿವಿ ಕೆಂಪಾಗುತ್ತಿತ್ತು. ಈಗ ಅದೂ ಇಲ್ಲ.

ಜೂನ್ ೪, ಭಾನುವಾರ

ಇಗರ್ಜಿಗೆ ಹೋಗಲಿಲ್ಲ. ಹೋದರೆ "ಹೇಗಿದ್ದಾನೆ" ಎಂದು ಇಪ್ಪತ್ತು ಜನ ಕೇಳುತ್ತಾರೆ. ಉತ್ತರ ಕೇಳಲು ಒಬ್ಬರೂ ನಿಲ್ಲುವುದಿಲ್ಲ.

ಮಾರ್ಚ್‌ನಲ್ಲಿ ಆದದ್ದನ್ನು ಒಂದು ಸಲ ಸರಿಯಾಗಿ ಬರೆದುಬಿಡುತ್ತೇನೆ. ಒಂಬತ್ತನೇ ತಾರೀಕು, ಬೆಳಿಗ್ಗೆ ಆರಕ್ಕೆ ಲಿದಿಯೊ ತಲೆ ಹಿಡಿದುಕೊಂಡು ಬಚ್ಚಲಿನಿಂದ ಬಂದ. "ಯಾರೋ ಹಿಂದಿನಿಂದ ಹುಟ್ಟಿನಲ್ಲಿ ಬಾರಿಸಿದ ಹಾಗಾಯ್ತು," ಎಂದ. ಒಂದು ಸಲ ವಾಂತಿ ಮಾಡಿದ. ಕುತ್ತಿಗೆ ಬಗ್ಗಿಸಲು ಆಗುತ್ತಿರಲಿಲ್ಲ. ನನಗೆ ಏಳಕ್ಕೆ ಶಾಲೆ. ಆರನೇ ತರಗತಿಗೆ ಭಿನ್ನರಾಶಿಯ ಪರೀಕ್ಷೆ ಇತ್ತು. ಒಂದು ತಲೆನೋವಿನ ಮಾತ್ರೆ ಕೊಟ್ಟು, "ಕಿಟಕಿ ಮುಚ್ಚಿ ಮಲಗು, ಸರಿಹೋಗ್ತದೆ," ಎಂದು ಹೊರಟೆ.

ಮೂರು ದಿನ ಮಂಕಾಗಿದ್ದ. ನಾಲ್ಕನೇ ದಿನ ಲಾಂಚ್ ನಡೆಸಲು ಹೋದ. ಹತ್ತೊಂಬತ್ತು ಜನ, ಎರಡು ಕಾರು. ನಡುನೀರಿನಲ್ಲಿ ಅವನ ಮೆದುಳಿನ ರಕ್ತನಾಳ ಒಡೆಯಿತು. ಲಾಂಚನ್ನು ಈ ದಡಕ್ಕೆ ತಂದು, ಹಗ್ಗವನ್ನು ಕಂಬಕ್ಕೆ ಸುತ್ತಿ ಕಟ್ಟಿ, ಆಮೇಲೆ ಬಿದ್ದನಂತೆ. ನಮ್ಮೂರು ಪಿಲಾರ್‌ನ ಎಲ್ಲರ ಬಾಯಲ್ಲೂ ಅದೇ ಕಥೆ.

ರಾಜಧಾನಿ ಅಸುನ್ಸಿಯೋನ್‌ನಲ್ಲಿ ಡಾಕ್ಟರ್ ಓವೆಲಾರ್ ಅವನ ತಲೆ ತೆರೆದು ರಕ್ತನಾಳದಲ್ಲಿ ಎದ್ದಿದ್ದ ಉಬ್ಬಿನ ಬುಡಕ್ಕೆ ಕ್ಲಿಪ್ಪು ಹಾಕಿದರು. ಆಮೇಲೆ ಕಾರಿಡಾರಿನಲ್ಲಿ ಹೇಳಿದರು: ಒಂಬತ್ತನೇ ತಾರೀಕಿನದು ಮೊದಲ ಸೋರಿಕೆ, ಅವತ್ತೇ ಕರೆತಂದಿದ್ದರೆ ಚೆನ್ನಾಗಿತ್ತು. ಅವರು ಬೈಯಲಿಲ್ಲ. ಬೈದವಳು ಲಿದಿಯೊನ ಅಕ್ಕ ಸುನಿಲ್ದಾ.

"ನನ್ನ ತಮ್ಮ ಒಡೆದ ತಲೆ ಹೊತ್ತು ಮಲಗಿದ್ದ. ನೀನು ಲೆಕ್ಕ ಹೇಳ್ಕೊಡೋಕೆ ಹೋಗಿದ್ದೆ."

ಅಂದಿನಿಂದ ನಮ್ಮಿಬ್ಬರಿಗೆ ಮಾತಿಲ್ಲ. ಅವಳು ಪಕ್ಕದ ಊರು ಉಮೈತಾದಲ್ಲಿ ಬಸ್ ನಿಲ್ದಾಣದ ಬಳಿ ಬಿಸಿ ಚಿಪಾ ರೊಟ್ಟಿ ಮಾರುತ್ತಾಳೆ. ನಾನು ಶಾಲೆಯಲ್ಲಿರುವ ಹೊತ್ತು ನೋಡಿ ಮನೆಯ ಫೋನಿಗೆ ಕರೆ ಮಾಡಿ ತಮ್ಮನೊಡನೆ ಮಾತಾಡುತ್ತಾಳೆ. ಮಾತಾಡಲಿ.

ಜೂನ್ ೬, ಮಂಗಳವಾರ

ಆ ಉಬ್ಬು ಎಂಥದ್ದೆಂದು ಎಲ್ಲರೂ ನನಗೆ ಅರ್ಥ ಮಾಡಿಸಲು ಹೊರಟಿದ್ದಾರೆ. ಪಿಲಾರ್ ಆಸ್ಪತ್ರೆಯ ನರ್ಸು ಹೇಳಿದಳು, ಸೈಕಲ್ ಟ್ಯೂಬು ಉಬ್ಬಿದ ಹಾಗೆ. ನಮ್ಮ ಮುಖ್ಯೋಪಾಧ್ಯಾಯರು, ದ್ರಾಕ್ಷಿಯ ಹಾಗೆ. ಪಾದ್ರಿಗಳು, ಬಲೂನಿನ ಹಾಗೆ. ಪಕ್ಕದ ಮನೆಯ ಒಬ್ದುಲಿಯಮ್ಮ ಬೇಲಿಯ ಮೇಲಿಂದ ಕತ್ತು ಚಾಚಿ, "ಅದೆಲ್ಲ ಏನಿಲ್ಲ ಟೀಚರಮ್ಮ, ಕಣ್ಣು ಬಿದ್ದದ್ದು. ಲಾಂಚಿನ ಮೇಲೆ ಅಷ್ಟು ಚೆಂದ ನಿಲ್ತಿದ್ದ," ಎಂದಳು. ದಿನವೂ ಹೀರುವ ತೆರೆರೆ ಎಲೆಯ ತಣ್ಣೀರಿಗೆ ಹಾಕಲು ಯಾವುದೋ ಬೇರು ಕೊಟ್ಟಳು.

ಟ್ಯೂಬು, ದ್ರಾಕ್ಷಿ, ಬಲೂನು! ಎಷ್ಟು ಮಿಲಿಮೀಟರ್, ಏಕೆ ಅಲ್ಲೇ, ಏಕೆ ಅವತ್ತೇ, ಒಬ್ಬರೂ ಹೇಳುವುದಿಲ್ಲ. ಒಡೆದದ್ದು ಮೆದುಳಿನ ಮುಂಭಾಗದಲ್ಲಿ, ಎರಡು ನಾಳಗಳನ್ನು ಜೋಡಿಸುವ ಕಡೆ, ಹೊಸದನ್ನು ನೆನಪಿಟ್ಟುಕೊಳ್ಳುವ ಜಾಗಕ್ಕೆ ಹತ್ತಿರ. ಆದ್ದರಿಂದ ಹಳೆಯದು ಉಳಿದಿದೆ, ಹೊಸದು ನಿಲ್ಲುತ್ತಿಲ್ಲ. ಇಷ್ಟನ್ನು ಡಾಕ್ಟರ ಬಾಯಿಂದ ಹೊರಡಿಸಲು ನನಗೆ ಒಂದು ತಿಂಗಳು ಬೇಕಾಯಿತು. "ಅವನು ಸುಳ್ಳು ಹೇಳ್ತಾ ಇಲ್ಲ. ನೆನಪಿನಲ್ಲಿ ಖಾಲಿ ಬಿದ್ದ ಜಾಗವನ್ನು ಮೆದುಳೇ ತುಂಬಿಸಿಕೊಳ್ತದೆ, ಅವನಿಗೆ ಗೊತ್ತಿಲ್ಲದೆ," ಎಂದರು. ಇರಬಹುದು. ಪರೀಕ್ಷೆಯಲ್ಲಿ ಖಾಲಿ ಬಿಟ್ಟ ಜಾಗಕ್ಕೆ ಬಾಯಿಗೆ ಬಂದದ್ದು ಬರೆದರೆ ನಾನು ಸೊನ್ನೆ ಹಾಕುತ್ತೇನೆ.

ಬೇರು ಬಚ್ಚಲಿಗೆ ಎಸೆದೆ.

ಜೂನ್ ೯, ಶುಕ್ರವಾರ

ಸ್ನಾನ ಮಾಡಿಲ್ಲ ಎಂದೆ. ಮಾಡಿದ್ದೇನೆ ಎಂದ. ಟವೆಲು ಒಣಗಿದೆ ನೋಡು ಎಂದು ಮುಖದೆದುರು ಹಿಡಿದೆ. ಮರಗೆಣಸು ಬಡಿಸಿದ್ದ ತಟ್ಟೆಯನ್ನು ಗೋಡೆಗೆ ಎಸೆದ. "ನೀನು ಹೆಂಡತಿಯಾ, ಪೊಲೀಸಾ?" ಎಂದು ಕೂಗಿದ.

ನಾನು ಅಡುಗೆಮನೆಗೆ ಹೋಗಿ ಸ್ವಲ್ಪ ಹೊತ್ತು ಗೋಡೆ ನೋಡುತ್ತ ನಿಂತೆ. ತಿರುಗಿ ಬರುವಾಗ ಅವನು ಚೂರುಗಳ ಮುಂದೆ ಕುಕ್ಕರುಗಾಲಿನಲ್ಲಿ ಕೂತಿದ್ದ.

"ಯಾರೇ ಒಡೆದದ್ದು? ಬೆಕ್ಕಾ?"

ಅವನ ಸಿಟ್ಟಿನ ಆಯುಷ್ಯ ಹತ್ತು ನಿಮಿಷ. ನನ್ನದು ಮಾತ್ರ ಸಂಜೆವರೆಗೂ ಉರಿಯುತ್ತದೆ, ಮಾರನೇ ದಿನವೂ ಉರಿಯುತ್ತದೆ. ಜಗಳಕ್ಕೂ ಇಬ್ಬರು ಬೇಕು. ಒಬ್ಬಳೇ ಎಷ್ಟೆಂದು ಆಡಲಿ?

ಜೂನ್ ೧೩, ಮಂಗಳವಾರ

ನಿನ್ನೆ ರಜೆ ಇತ್ತು, ಇಡೀ ದಿನ ಇವನೊಡನೆ. ಇವತ್ತು ಶಾಲೆಗೆ ಹೋದದ್ದೇ ವಿಶ್ರಾಂತಿ. ಮನೆಗೆ ಬಂದು ಊಟ ಮುಗಿಯುವಷ್ಟರಲ್ಲಿ ಏಳು ಸುಳ್ಳು. ಎಣಿಸಿದ್ದೇನೆ.

ಒಂದು, ಬೆಳಿಗ್ಗೆ ಸುರುಬಿ ಮೀನು ಹಿಡಿದು ಒಬ್ದುಲಿಯಮ್ಮನಿಗೆ ಕೊಟ್ಟೆ ಎಂದದ್ದು. ಎರಡು, ಅವನ ಅಮ್ಮ ಬಂದು ಬಟ್ಟೆ ಒಗೆದು ಹೋದಳು ಎಂದದ್ದು; ಅವಳು ಸತ್ತು ಮೂವತ್ತನಾಲ್ಕು ವರ್ಷ. ಮೂರು, ಲಾಂಚಿಗೆ ಹೊಸ ಎಂಜಿನ್ ಬಂತು. ನಾಲ್ಕು, ಔಷಧಿ ತಗೊಂಡೆ. ಐದು, ಔಷಧಿ ಡಬ್ಬಿ ಖಾಲಿ. ಆರು, ಮೇಯರ್ ಬಂದು ಕೈಕುಲುಕಿ ಹೋದ. ಏಳು, ಎಲ್ಲಕ್ಕಿಂತ ಮೊದಲು, ನಾನು ಚೀಲ ಇಡುವುದರೊಳಗೆ ಹೇಳಿದ್ದು:

"ಅಕ್ಕ ಫೋನ್ ಮಾಡಿದ್ಲು. ಅವಳ ಬಲಗಣ್ಣು ಅಂಗಡಿ ಮುಚ್ಚಿದೆಯಂತೆ. ರೆಪ್ಪೆ ಎತ್ತೋಕೇ ಆಗಲ್ವಂತೆ. ಕೈಯಲ್ಲಿ ಎತ್ತಿ ನೋಡಿದ್ರೆ ಒಂದು ಚಿಪಾ ಎರಡಾಗಿ ಕಾಣ್ತದಂತೆ. ವ್ಯಾಪಾರಕ್ಕೆ ಒಳ್ಳೇದೇ ಆಯ್ತು ಅಂದೆ."

"ಸುಳ್ಳು," ಎಂದೆ.

"ಸುಳ್ಳಲ್ಲ, ಅವಳೇ..."

"ಲಿದಿಯೊ, ಸಾಕು ಮಾಡು."

ಸಾಕು ಮಾಡಿದ. ಕೈ ಮಡಿಚಿಕೊಂಡು, ಸರಿಯುತ್ತರ ಹೇಳಿಯೂ ಬೈಸಿಕೊಂಡ ಹುಡುಗನ ಹಾಗೆ ಕೂತ. ಅದನ್ನು ನೋಡಿಯೂ ಸಿಟ್ಟು ಬಂತು.

ಜೂನ್ ೧೬, ಶುಕ್ರವಾರ

"ಇವತ್ತು ಯಾವ ವಾರ?" ಹದಿನಾಲ್ಕು ಸಲ.

ಜೂನ್ ೨೩, ಶುಕ್ರವಾರ. ಅಸುನ್ಸಿಯೋನ್

ಮಡಿಲ ಮೇಲಿಟ್ಟು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟ. ಇರಲಿ.

ಮೂರು ತಿಂಗಳ ತಪಾಸಣೆಗೆಂದು ನಿನ್ನೆಯೇ ಬಸ್ಸಿನಲ್ಲಿ ಬಂದಿದ್ದೆವು. ಡಾಕ್ಟರ್ ಓವೆಲಾರ್ ಲಿದಿಯೊನನ್ನು ನಡೆಸಿ ನೋಡಿದರು, ಬೆರಳು ಮುಟ್ಟಿಸಿದರು, ಮೂರು ಪದ ಹೇಳಿ ಐದು ನಿಮಿಷದ ಮೇಲೆ ಕೇಳಿದರು. ಒಂದನ್ನೂ ಹೇಳಲಿಲ್ಲ. ಬದಲಿಗೆ ಬೇರೆ ಮೂರು ಹೇಳಿದ, ಬಹಳ ಗತ್ತಿನಿಂದ. ನಾನು ತಿದ್ದಲು ಬಾಯಿ ತೆರೆದೆ. ಡಾಕ್ಟರು ಕಣ್ಣಲ್ಲೇ ತಡೆದರು.

ಆಮೇಲೆ ಕೇಳಿದರು, "ನಿಮ್ಮ ಅತ್ತೆ ಹೇಗೆ ತೀರಿಕೊಂಡರು?"

"ಬಟ್ಟೆ ಒಗೆಯುತ್ತ ಬಿದ್ದರಂತೆ. ನಲವತ್ತೊಂಬತ್ತು ವಯಸ್ಸು. ಬಿಸಿಲು ತಾಗಿ ಅಂತಾರೆ."

"ಯಾವ ತಿಂಗಳು?"

"ಜುಲೈ," ಎಂದ ಲಿದಿಯೊ. ಹಳೆಯದೆಲ್ಲ ಅವನಿಗೆ ನಿಚ್ಚಳ. "ಅವತ್ತು ಹುಲ್ಲಿನ ಮೇಲೆ ಇಬ್ಬನಿ ಗಟ್ಟಿಯಾಗಿತ್ತು."

ಜುಲೈ ನಮ್ಮಲ್ಲಿ ನಡು ಚಳಿಗಾಲ. ಆ ಚಳಿಯಲ್ಲಿ ಯಾರಿಗೆ ಬಿಸಿಲು ತಾಗುತ್ತದೆ? ಇಪ್ಪತ್ತೇಳು ವರ್ಷ ಆ ಮಾತು ಕೇಳಿದ್ದೇನೆ, ಒಂದು ಸಲವೂ ಲೆಕ್ಕ ಹಾಕಿರಲಿಲ್ಲ.

"ಹಾಗಾದರೆ ತಾಯಿಗೂ ಇದೇ ಆಗಿರಬಹುದು," ಎಂದರು ಡಾಕ್ಟರು. "ಒಂದೇ ಮನೆಯಲ್ಲಿ ಇಬ್ಬರಿಗೆ ಆಗಿದ್ದರೆ ಉಳಿದವರನ್ನೂ ನೋಡಬೇಕು. ಒಡಹುಟ್ಟಿದವರು ಇದ್ದಾರಾ?"

"ಒಬ್ಬಳು ಅಕ್ಕ."

"ಬಂದು ಒಂದು ಸ್ಕ್ಯಾನ್ ಮಾಡಿಸಲಿ. ಹೆದರಿಸಬೇಡಿ. ಇಂಥ ಉಬ್ಬು ನೂರಕ್ಕೆ ಮೂವರಲ್ಲಿ ಇರ್ತದೆ. ಹೆಚ್ಚಿನವರು ಅದು ಇದೆ ಅಂತ ಗೊತ್ತೇ ಆಗದೆ ಮುದುಕರಾಗ್ತಾರೆ. ಆದರೆ ಎಂದೂ ಬಾರದಂಥ ತಲೆನೋವು ಒಮ್ಮೆಲೇ ಬಡಿದರೆ ಕಾಯಬಾರದು. ಇನ್ನೊಂದು, ಒಂದು ಕಣ್ಣಿನ ರೆಪ್ಪೆ ಜೋತುಬಿದ್ದು, ಒಂದು ಎರಡಾಗಿ ಕಾಣೋಕೆ ಶುರುವಾದರೆ ಒಂದು ದಿನವೂ ತಡ ಮಾಡಬಾರದು. ಉಬ್ಬು ದೊಡ್ಡದಾಗಿ ಕಣ್ಣಿನ ನರವನ್ನು ಒತ್ತುತ್ತಾ ಇದೆ ಅಂತ ಅರ್ಥ."

ಮೊದಲು ನನಗೆ ಏನೂ ಅನಿಸಲಿಲ್ಲ. ಲಿದಿಯೊ ಹೆಬ್ಬೆರಳಿನಿಂದ ತನ್ನ ಬಲರೆಪ್ಪೆಯನ್ನು ಎತ್ತಿ ಹಿಡಿದು ಡಾಕ್ಟರನ್ನು ನೋಡುತ್ತಿದ್ದ, ಸುಮ್ಮನೆ ಆಟಕ್ಕೆ. ಅದನ್ನು ನೋಡಿದಾಗ ಸುನಿಲ್ದಾಳ ಬಲಗಣ್ಣಿನ ಮಾತು ನೆನಪಾಯಿತು.

ಈ ಪುಸ್ತಕ ಚೀಲದಲ್ಲಿತ್ತು. ಹಾಳೆ ತಿರುವಿದೆ. ಡಾಕ್ಟರ್ ಓವೆಲಾರ್ ಎದ್ದು ನನ್ನ ಭುಜದ ಹಿಂದೆ ನಿಂತು ಓದಿದರು.

"ಇದು ಹದಿಮೂರನೇ ತಾರೀಕು."

"ಹೌದು."

"ಇವತ್ತು ಇಪ್ಪತ್ತಮೂರು." ಸಾಲಿನ ಮೇಲೆ ಬೆರಳಿಟ್ಟು, "ಏಳನೇ ಸುಳ್ಳು ಅಂತ ಬರೆದಿದ್ದೀರಿ," ಎಂದರು.

ನನ್ನ ಮೊಬೈಲಿನಿಂದ ಸುನಿಲ್ದಾಗೆ ಕರೆ ಮಾಡಿದೆ. ನನ್ನ ಹೆಸರು ನೋಡಿ ಕತ್ತರಿಸಿದಳು. ಮತ್ತೆ ಮಾಡಿದೆ, ಮತ್ತೆ ಕತ್ತರಿಸಿದಳು. ಮೂರನೇ ಸಲ ಕರೆಯೇ ಹೋಗಲಿಲ್ಲ, ನನ್ನ ನಂಬರನ್ನೇ ತಡೆದಿರಬೇಕು. ಡಾಕ್ಟರು ತಮ್ಮ ಮೇಜಿನ ಫೋನು ನನ್ನ ಕಡೆ ತಳ್ಳಿದರು.

"ಹಲೋ, ಎಷ್ಟು ಚಿಪಾ ಬೇಕು?" ಬಸ್ಸಿನ ಹಾರ್ನು, ಜನರ ಗಲಾಟೆ.

"ಅತ್ತಿಗೆ, ನಾನು ನಿಮಿಯಾ. ಇಡಬೇಡಿ. ನಿಮ್ಮ ಬಲಗಣ್ಣು..."

"ಓಹೋ. ಹತ್ತು ದಿನ ಆದ್ಮೇಲೆ ನೆನಪಾಯ್ತಾ ಮಹಾರಾಣಿಗೆ? ತಮ್ಮನ ಹತ್ರ ಹೇಳಿ ಕಳಿಸಿದ್ದೆ. ಕನ್ನಡಕದ ಅಂಗಡಿಯವನು ನೋಡಿದಾನೆ. ಮುಂದಿನ ವಾರ ಕನ್ನಡಕ ಕೊಡ್ತಾನೆ."

"ಕನ್ನಡಕದಿಂದ ಆಗೋದಲ್ಲ ಅದು. ಈಗಲೇ ಪಿಲಾರ್ ಆಸ್ಪತ್ರೆಗೆ ಹೋಗಿ. ಇವತ್ತೇ. ಡಾಕ್ಟ್ರು ಅವರಿಗೆ ಹೇಳ್ತಾರೆ, ಅಲ್ಲಿಂದ ಆಂಬುಲೆನ್ಸ್‌ನಲ್ಲಿ ಇಲ್ಲಿಗೆ ಕಳಿಸ್ತಾರೆ."

"ಬುಟ್ಟಿ ತುಂಬ ಚಿಪಾ ಇದೆ. ನಾಳೆ ಸಂತ ಜುವಾನನ ಹಬ್ಬ. ನೀನು ನನಗೆ ಡಾಕ್ಟರ್ ಆಗೋಕೆ ಬರ್ಬೇಡ. ತಲೆನೋವು ಅಂದ ಗಂಡನಿಗೆ ಮಾತ್ರೆ ಕೊಟ್ಟು ಮಲಗಿಸಿದವಳು ನೀನು."

"ಹೌದು, ಮಲಗಿಸಿದೆ!" ನನ್ನ ದನಿ ಕಾರಿಡಾರಿಗೆಲ್ಲ ಕೇಳಿರಬೇಕು. "ನಾನೇ ಮಲಗಿಸಿದೆ. ಅದಕ್ಕೇ ಹೇಳ್ತಿರೋದು, ನೀವು ಮಲಗಬೇಡಿ!"

 ಅಷ್ಟರಲ್ಲಿ ಲಿದಿಯೊ ನನ್ನ ಕೈಯಿಂದ ರಿಸೀವರ್ ತೆಗೆದುಕೊಂಡ.

"ಅಕ್ಕ, ಬುಟ್ಟಿ ಪಕ್ಕದವಳಿಗೆ ಕೊಡು. ನದಿ ದಡಕ್ಕೆ ಬಾ. ನಾನು ಲಾಂಚ್ ತಗೊಂಡು ಬರ್ತಾ ಇದೀನಿ, ಹೊಸ ಎಂಜಿನ್ನು, ಅರ್ಧ ಗಂಟೆ. ಬರ್ತೀಯಾ ಇಲ್ವಾ?"

ಲಾಂಚೂ ಇಲ್ಲ, ಎಂಜಿನ್ನೂ ಇಲ್ಲ. ನಾವಿರುವುದು ನದಿಯಿಂದ ಎಷ್ಟೋ ದೂರದ ಮೂರನೇ ಮಹಡಿಯಲ್ಲಿ. ಈ ಸಲ ನಾನು ತಿದ್ದಲಿಲ್ಲ.

ಅವನು ಕೇಳಿಸಿಕೊಂಡು ತಲೆಯಾಡಿಸಿದ. "ಅಳ್ತಾ ಇದಾಳೆ," ಎಂದು ನನಗೆ ಹೇಳಿದ. ಫೋನಿಗೆ, "ನಿಂಗೆ ಲಾಂಚ್ ಬೇಡ್ವಾ? ಸರಿ, ಬಸ್ಸೇ ಹತ್ತು. ಅತ್ರೂ ಪರವಾಗಿಲ್ಲ, ಹತ್ತು," ಎಂದ.

ಹನ್ನೊಂದೂ ಹತ್ತರ ಬಸ್ಸು ಹತ್ತಿದಳು.

ಜೂನ್ ೨೪, ಶನಿವಾರ

ಆಂಬುಲೆನ್ಸ್ ಬೆಳಿಗ್ಗೆ ಏಳಕ್ಕೆ ಬಂತು. ಸುನಿಲ್ದಾಳ ಬಲಗಣ್ಣು ಪೂರ್ತಿ ಮುಚ್ಚಿದೆ. ಎತ್ತಿದರೆ ಗುಡ್ಡೆ ಹೊರಗಡೆಗೆ ತಿರುಗಿ ಕೂತಿದೆ, ಪಾಪೆ ಅಗಲವಾಗಿದೆ. ಸ್ಕ್ಯಾನ್‌ನಲ್ಲಿ ಒಂಬತ್ತು ಮಿಲಿಮೀಟರ್. ಕೊನೆಗೂ ನನಗೊಂದು ಸಂಖ್ಯೆ ಕೊಟ್ಟರು. ಸಂಖ್ಯೆ ಸಿಕ್ಕಿದರೆ ಸಮಾಧಾನವಾಗುತ್ತದೆ ಎಂದುಕೊಂಡಿದ್ದೆ. ಆರನೇ ತರಗತಿಯ ಅಳತೆಪಟ್ಟಿಯಲ್ಲಿ ಒಂಬತ್ತು ಮಿಲಿಮೀಟರ್ ಎಷ್ಟೆಂದು ನೋಡಿ, ಪಟ್ಟಿಯನ್ನು ಚೀಲದ ತಳಕ್ಕೆ ತುರುಕಿದೆ.

ಇನ್ನೂ ಒಡೆದಿಲ್ಲ. ಮಂಗಳವಾರ ಆಪರೇಷನ್. ಮಂಗಳವಾರದವರೆಗೆ ಒಡೆಯದಿದ್ದರೆ.

ಏಕೆ ಇವತ್ತಲ್ಲ ಎಂದು ಕೇಳಿದೆ. ಕೋಣೆ ಇಲ್ಲ, ಅರಿವಳಿಕೆಯವರು ಇಲ್ಲ, ಮೊದಲು ರಕ್ತದೊತ್ತಡ ಇಳಿಸಬೇಕು. ನಾಲ್ಕು ಜನರನ್ನು ಕೇಳಿದೆ, ನಾಲ್ವರೂ ಒಂದೊಂದು ಹೇಳಿದರು. ಹೊರಗೆ ಹಬ್ಬದ ಪಟಾಕಿ ಸಿಡಿದಾಗಲೆಲ್ಲ ನಾನು ಸುನಿಲ್ದಾಳ ಮುಖ ನೋಡುತ್ತೇನೆ.

ಜೂನ್ ೨೫, ಭಾನುವಾರ

ಜೋರಾಗಿ ಕೆಮ್ಮಬಾರದು, ತಿಣುಕಬಾರದು, ಸಿಟ್ಟಾಗಬಾರದು ಎಂದು ನರ್ಸು ಹೇಳಿದ್ದಾಳೆ. ಸಿಟ್ಟಾಗಬಾರದು ಎಂದು ಸುನಿಲ್ದಾಗೆ ಹೇಳುವುದು ನದಿಗೆ ಒದ್ದೆಯಾಗಬೇಡ ಎಂದು ಹೇಳಿದ ಹಾಗೆ.

ಮಧ್ಯಾಹ್ನ ಲಿದಿಯೊ ಬೆಂಚಿನಲ್ಲಿ ನಿದ್ದೆ ಹೋದಾಗ ಅವಳು ಒಂದೇ ಕಣ್ಣಿನಲ್ಲಿ ನನ್ನನ್ನು ನೋಡಿದಳು.

"ಅವನು ಹೇಳಿದ್ದನ್ನ ನೀನು ನಂಬ್ಲಿಲ್ಲ ಅಲ್ವಾ?"

"ಇಲ್ಲ."

"ನಾನೂ ಅವನ ಅರ್ಧ ಮಾತು ನಂಬಲ್ಲ. ನಿನ್ನೆ ಅಮ್ಮನ್ನ ನೋಡ್ದೆ ಅಂದ." ದಿಂಬು ಸರಿಮಾಡಿಕೊಂಡಳು. "ಈಗ ಫೋನ್ ಮಾಡಿದ್ದಕ್ಕೆ, ಮಾರ್ಚಲ್ಲಿ ನೀನು ಮಾಡಿದ್ದು ಸರಿಹೋಗಲ್ಲ."

"ಗೊತ್ತು."

"ಸರಿ. ನೀರು ಕೊಡು."

ಕೊಟ್ಟೆ. ಹುಳಿಮುಖ ಮಾಡಿಕೊಂಡೇ ಕುಡಿದಳು.

ಜೂನ್ ೨೭, ಮಂಗಳವಾರ

ಎಂಟಕ್ಕೆ ಒಳಗೆ ಕರೆದೊಯ್ದರು. ಈಗ ಹನ್ನೊಂದು.

"ಅಕ್ಕ ಎಲ್ಲಿ?" ಎಂದು ಲಿದಿಯೊ ಅರ್ಧ ಗಂಟೆಗೊಮ್ಮೆ ಕೇಳುತ್ತಾನೆ. ಪ್ರತಿ ಸಲ ಹೇಳುತ್ತೇನೆ: ತಲೆಯೊಳಗೆ ಉಬ್ಬು, ಆಪರೇಷನ್. ಪ್ರತಿ ಸಲ ಅವನು ಮೊದಲ ಬಾರಿಗೆ ಕೇಳಿದವನಂತೆ ಬೆಚ್ಚಿ ಬೀಳುತ್ತಾನೆ, ಮುಖ ಬಿಳುಪೇರುತ್ತದೆ, ಕಣ್ಣು ತುಂಬುತ್ತದೆ. ಆರು ಸಲ ಹೀಗಾಯಿತು. ಸತ್ಯ ಹೇಳಿ ಹೇಳಿ ಒಬ್ಬ ಮನುಷ್ಯನನ್ನು ಆರು ಸಲ ಕೊಂದೆ.

ಏಳನೇ ಸಲ, "ಒಳಗೆ ತಲೆ ತೋರಿಸೋಕೆ ಹೋಗಿದಾಳೆ, ಬರ್ತಾಳೆ," ಎಂದೆ.

"ತಲೆ ಬಾಚಿಸೋಕಾ?"

"ಹೂಂ."

"ಅವಳಿಗೆ ಯಾವಾಗ್ಲೂ ಅದೇ," ಎಂದು ನಕ್ಕು ಗೋಡೆಗೆ ಒರಗಿದ.

ಒಂದೂವರೆ. ಡಾಕ್ಟರ್ ಓವೆಲಾರ್ ಬಂದರು. ಟೊಪ್ಪಿ ತೆಗೆಯುವ ಮೊದಲೇ ಹೇಳಿದರು, ಕ್ಲಿಪ್ಪು ಕೂತಿದೆ. ಉಬ್ಬಿನ ತುದಿ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಿತ್ತಂತೆ, ಒಳಗೆ ರಕ್ತ ಸುಳಿಯುವುದು ಕಾಣುತ್ತಿತ್ತಂತೆ. "ಇನ್ನೊಂದು ವಾರ ತಡೀತಿತ್ತು ಅಂತ ಹೇಳೋಕಾಗಲ್ಲ," ಎಂದರು.

ನಾನು ಶೌಚಾಲಯಕ್ಕೆ ಹೋಗಿ ಬಾಗಿಲು ಹಾಕಿಕೊಂಡೆ.

ಜುಲೈ ೧೨, ಬುಧವಾರ. ಪಿಲಾರ್

ಚಳಿಗಾಲದ ರಜೆ. ಸುನಿಲ್ದಾ ನಮ್ಮ ಮನೆಯಲ್ಲಿದ್ದಾಳೆ. ಒಂದು ವಾರವೆಂದು ಬಂದವಳು ಅಡುಗೆಮನೆ ಹಿಡಿದಿದ್ದಾಳೆ. ನನ್ನ ಬಾಣಲೆ ಎಲ್ಲಿ ಎಂದರೆ "ಅದು ಅಲ್ಲಿರಬಾರದಿತ್ತು" ಎನ್ನುತ್ತಾಳೆ. ಬೋಳು ತಲೆಗೆ ಸ್ಕಾರ್ಫ್ ಕಟ್ಟಿಕೊಂಡು ಲಿದಿಯೊನ ಪಕ್ಕ ಕೂತು, ಇಬ್ಬರೂ ತಮ್ಮ ತಮ್ಮ ಹೊಲಿಗೆ ಹೋಲಿಸಿ ನೋಡುತ್ತಾರೆ. ಯಾರದು ಉದ್ದ ಎಂದು ಜಗಳ. ಅಳತೆಪಟ್ಟಿ ತರಲು ನನ್ನನ್ನೇ ಕಳಿಸುತ್ತಾರೆ.

ರೆಪ್ಪೆ ಒಂದು ಕೂದಲಷ್ಟು ಎತ್ತಿಕೊಂಡಿದೆ. ನರ ಪೂರ್ತಿ ಎಚ್ಚರಾಗಲು ತಿಂಗಳುಗಳು ಬೇಕಂತೆ. ಲಿದಿಯೊನ ನೆನಪಿನ ಬಗ್ಗೆ ಕೇಳಿದ್ದಕ್ಕೆ ಡಾಕ್ಟರು ಫೋನಿನಲ್ಲಿ ಹೇಳಿದ್ದು ಇಷ್ಟು: "ಬಂದರೂ ಬರಬಹುದು, ಬರದೆಯೂ ಇರಬಹುದು. ಬಂದರೆ ಒಂದು ವರ್ಷದೊಳಗೆ." ಇದನ್ನು ಹೇಳಲು ಇಷ್ಟು ಓದಬೇಕೇ?

ಜುಲೈ ೨೮, ಶುಕ್ರವಾರ

ಸುನಿಲ್ದಾ ಉಮೈತಾಗೆ ಹಿಂದಿರುಗಿದಳು. ಮನೆ ಖಾಲಿ. ಬಾಣಲೆ ಅವಳು ಇಟ್ಟಲ್ಲೇ ಇದೆ. ಆ ಜಾಗವೇ ಕೈಗೆ ಹತ್ತಿರ, ಅದನ್ನು ಅವಳಿಗೆ ಹೇಳುವುದಿಲ್ಲ.

ಆಗಸ್ಟ್ ೧, ಮಂಗಳವಾರ

ಆಗಸ್ಟ್ ಕಷ್ಟದ ತಿಂಗಳೆಂದು ಇಲ್ಲಿ ನಂಬಿಕೆ; ಅದು ದಾಟಲೆಂದು ಒಬ್ದುಲಿಯಮ್ಮ ಬೆಳಿಗ್ಗೆಯೇ ಕಬ್ಬಿನ ಸಾರಾಯಿಗೆ ನಿಂಬೆ, ಸೊಪ್ಪು ಹಾಕಿದ್ದನ್ನು ತಂದಳು. ಲಿದಿಯೊಗೆ ಹೆಂಡ ಕೂಡದು. ನಾನು ಎರಡೂ ಲೋಟ ಕುಡಿದೆ.

ಅವನು ಬೇಲಿ ಹಿಡಿದು ಅವಳಿಗೆ ಹೇಳುತ್ತಿದ್ದ, ಬಿರುಗಾಳಿಯಲ್ಲಿ ಲಾಂಚ್ ಓಡಿಸಿ ಅಕ್ಕನನ್ನು ಅಸುನ್ಸಿಯೋನ್‌ಗೆ ಮುಟ್ಟಿಸಿದ್ದು ಹೇಗೆಂದು. ಒಬ್ದುಲಿಯಮ್ಮ ನನ್ನ ಮುಖ ನೋಡಿದಳು. ನಾನು ಬಟ್ಟೆ ಒಣಗಿಸುತ್ತಿದ್ದೆ.

"ಹೌದೇನಮ್ಮ?"

"ಗಾಳಿ ಜೋರಿತ್ತು," ಎಂದೆ.

ಆಗಸ್ಟ್ ೧೦, ಗುರುವಾರ

ಈಗ ಮನೆಯಲ್ಲಿ ಗಲಾಟೆ ಕಡಿಮೆ. ಗುಟ್ಟು ಇಷ್ಟೇ, ಅವನು ಏನು ಹೇಳಿದರೂ ಹೌದು ಎನ್ನುವುದು. ಅಮ್ಮ ಬಂದಿದ್ದಳಾ, ಹೌದು. ಎರಡು ಸಲ ನದಿ ದಾಟಿಸಿದೆಯಾ, ಹೌದು. ಮೊದಲೇ ಇದನ್ನು ಮಾಡಬೇಕಿತ್ತು. ಕೆಲವೊಮ್ಮೆ ಕೇಳಿಸಿಕೊಳ್ಳುವುದೂ ಬೇಕಾಗುವುದಿಲ್ಲ. ಉತ್ತರಪತ್ರಿಕೆ ತಿದ್ದುತ್ತಲೇ ಹೌದು ಹೌದು ಎನ್ನಬಹುದು. ಅಕ್ಕನ ಮಾತು ಬಂದರೆ ಮಾತ್ರ ಪೆನ್ನು ಕೆಳಗಿಟ್ಟು ಅವಳಿಗೆ ಫೋನ್ ಮಾಡುತ್ತೇನೆ.

ಆಗಸ್ಟ್ ೧೭, ಗುರುವಾರ

ಮಧ್ಯಾಹ್ನ. ನಾನು ಮೇಜಿನಲ್ಲಿ ಉತ್ತರಪತ್ರಿಕೆಗಳ ಮುಂದೆ, ಅವನು ಬಾಗಿಲಲ್ಲಿ ಕೂತು ತೆರೆರೆ ಹೀರುತ್ತಿದ್ದ.

"ನಿಮಿಯಾ, ನಮ್ಮ ನದಿ ಉತ್ತರಕ್ಕೆ ಹರೀತದಲ್ವಾ?"

"ಹೌದು," ಎಂದೆ.

"ಮಳೆಗಾಲದಲ್ಲಿ ಹಿಂದಕ್ಕೆ ಗುಡ್ಡ ಹತ್ತಿ ಹೋಗ್ತದೆ."

"ಹೌದೌದು."

ಲೋಟವನ್ನು ಕಲ್ಲಿನ ಮೇಲೆ ಕುಟ್ಟಿದ ಸದ್ದಿಗೆ ತಲೆ ಎತ್ತಿದೆ. ಎದ್ದು ನಿಂತಿದ್ದ. ಮುಖವೆಲ್ಲ ಕೆಂಪು.

"ಇಪ್ಪತ್ತೈದು ವರ್ಷ ಆ ನದಿ ಮೇಲೆ ನಿಂತೋನು ನಾನು. ಅದು ದಕ್ಷಿಣಕ್ಕೆ ಹರೀತದೆ ಅಂತ ಹುಟ್ಟಿದ ಕೂಸಿಗೂ ಗೊತ್ತು. ನಿನ್ನ ಪರೀಕ್ಷೆ ಮಾಡ್ದೆ ಟೀಚರಮ್ಮ. ಸೊನ್ನೆ!"

"ಲಿದಿಯೊ, ನಾನು ಸರಿಯಾಗಿ ಕೇಳಿಸ್ಕೊಳ್ಳಲಿಲ್ಲ..."

"ಗೊತ್ತು. ನೀನು ಕೇಳಿಸ್ಕೊಳ್ಳಲ್ಲ. ಹೌದೌದು, ಹೌದೌದು! ತೊಟ್ಟಿಲ ಕೂಸಿಗೆ ಹೇಳೋ ಹಾಗೆ. ಮೊದ್ಲು ಬೈತಿದ್ದೆ, ಆಗ್ಲಾದ್ರೂ ನಾನೊಬ್ಬ ಗಂಡಸು ಅನ್ನಿಸ್ತಿತ್ತು. ತಪ್ಪು ಹೇಳಿದ್ರೆ ತಪ್ಪು ಅನ್ನು. ಸರಿ ಇದ್ರೆ ಸರಿ ಅನ್ನು. ಕೇಳಿ ಅನ್ನು!"

ಹಿತ್ತಲಿಗೆ ಹೋದ. ನನಗೂ ತಲೆಗೇರಿತು. ಎದ್ದು ಹೋಗಿ ಹೇಳಿದೆ: ನೀನು ಹೇಳೋದರಲ್ಲಿ ಯಾವುದು ಸರಿ, ಯಾವುದು ತಪ್ಪು ಅಂತ ಬೆಳಗಿನಿಂದ ಸಂಜೆವರೆಗೆ ಆರಿಸ್ತಾ ಕೂರೋಕೆ ನನಗೇನು ಎರಡು ತಲೆ ಇದೆಯಾ, ಶಾಲೆ ಇದೆ, ನಿನ್ನ ಔಷಧಿ ಇದೆ, ತಿದ್ದಿದರೆ ತಟ್ಟೆ ಎಸೀತೀಯಾ, ತಿದ್ದದಿದ್ದರೆ ಸೊನ್ನೆ ಹಾಕ್ತೀಯಾ, ನಾನೇನು ಮಾಡಲಿ? ಅವನು ಬೆನ್ನು ತಿರುಗಿಸಿ ನಿಂತ. 

ಇರಲಿ. ಹತ್ತು ನಿಮಿಷ ಬಿಟ್ಟರೆ ತಾನೇ ಬರುತ್ತಾನೆ.

ಆಗಸ್ಟ್ ೧೮, ಶುಕ್ರವಾರ

ಎಂಥ ಹಟಮಾರಿ ಮನುಷ್ಯ! ಸಂಜೆ ಊಟಕ್ಕೆ ಕರೆದರೆ ಮಾತಿಲ್ಲ, ಉಂಡು ತಟ್ಟೆ ತಾನೇ ತೊಳೆದಿಟ್ಟ. ಬೆಳಿಗ್ಗೆ ನಾನು ಕೊಟ್ಟ ತೆರೆರೆ ಮುಟ್ಟಲಿಲ್ಲ, ತಾನೇ ನೀರು ತುಂಬಿಕೊಂಡ. ಶಾಲೆಯಿಂದ ಬಂದರೆ ಕುರ್ಚಿಯನ್ನು ಬೀದಿಯ ಕಡೆ ತಿರುಗಿಸಿ ಕೂತಿದ್ದಾನೆ. ಮೈಯೆಲ್ಲ ಉರಿದುಹೋಯಿತು. ಯಾರಿಗಾದರೂ ಹೇಳದೆ ಇರಲಾಗದೆ ಸುನಿಲ್ದಾಗೆ ಫೋನ್ ಮಾಡಿದೆ.

"ನಿಮ್ಮ ತಮ್ಮನಿಗೆ ಸ್ವಲ್ಪ ಬುದ್ಧಿ ಹೇಳಿ ಅತ್ತಿಗೆ. ನದಿ ಉತ್ತರಕ್ಕೆ ಹರೀತದೆ ಅಂದ, ಹೌದು ಅಂದೆ. ಅಷ್ಟಕ್ಕೇ ಮುಖ ಊದಿಸ್ಕೊಂಡು ಕೂತಿದಾನೆ. ನನ್ನ ಕೈಯಿಂದ ನೀರೂ ತಗೋತಿಲ್ಲ."

"ಯಾಕೆ ಅಂತ ಕೇಳಿದ್ಯಾ?"

"ಈಗ ಕೇಳ್ದೆ. 'ಉತ್ತರಕ್ಕೆ ಹರಿಯೋ ನದೀನ ಹೋಗಿ ಕೇಳು' ಅಂದ."

ಬುಟ್ಟಿ ನೋಡಿಕೋ ಎಂದು ಸುನಿಲ್ದಾ ಪಕ್ಕದವಳಿಗೆ ಹೇಳಿದ್ದು ಕೇಳಿಸಿತು. 

"ನಿಮಿಯಾ," ಎಂದಳು ಆಮೇಲೆ, ಬಹಳ ಮೆಲ್ಲಗೆ. "ಜಗಳ ಆದದ್ದು ಯಾವಾಗ?"

"ನಿನ್ನೆ ಮಧ್ಯಾಹ್ನ."

"ಇನ್ನೊಂದ್ಸಲ ಹೇಳು."

"ನಿನ್ನೆ..." ಎಂದೆ. ಹತ್ತು ನಿಮಿಷದ ಸಿಟ್ಟು ಒಂದು ರಾತ್ರಿ ದಾಟಿತ್ತು.

ಆ ಕಡೆ ಅವಳು ಅಳುತ್ತಿದ್ದಳೋ ನಗುತ್ತಿದ್ದಳೋ, ಅವಳಿಗೇ ಗೊತ್ತಿರಲಿಕ್ಕಿಲ್ಲ. ಫೋನ್ ಇಟ್ಟು ಕಿಟಕಿಗೆ ಬಂದೆ. ಇನ್ನೂ ಹಾಗೇ ಕೂತಿದ್ದಾನೆ, ನನ್ನ ಕಡೆಗೆ ಬೆನ್ನು ಹಾಕಿ, ಭುಜ ಬಿಗಿಮಾಡಿ. ಒಬ್ದುಲಿಯಮ್ಮ ಬೇಲಿಯಾಚೆಯಿಂದ ಏನೋ ಕೇಳಿದಳು. "ನನ್ನ ಕೇಳ್ಬೇಡ, ಒಳಗಿರೋಳನ್ನ ಕೇಳು. ನಿನ್ನೆಯಿಂದ ನಮಗೆ ಮಾತಿಲ್ಲ," ಎಂದು ಬೀದಿಗೆಲ್ಲ ಕೇಳುವ ಹಾಗೆ ಹೇಳಿದ.

ಹೋಗಿ ಸಮಾಧಾನ ಮಾಡಬೇಕು. ತಪ್ಪು ನನ್ನದೇ. ಆದರೆ ಈಗಲೇ ಹೋಗುವುದಿಲ್ಲ. ಕಿಟಕಿಯ ಬಳಿ ಕುರ್ಚಿ ಎಳೆದುಕೊಂಡು ಕೂತು ಇದನ್ನು ಬರೆಯುತ್ತಿದ್ದೇನೆ. ಇನ್ನೂ ಸ್ವಲ್ಪ ಹೊತ್ತು ಸಿಟ್ಟಾಗಿಯೇ ಇರಲಿ. ನೋಡುತ್ತೇನೆ, ಎಲ್ಲಿಯವರೆಗೆ ಇರುತ್ತಾನೋ.